ಹೊತ್ತು ಮುಳುಗಿದ ಮೇಲೆ ಬೆಲ್ಲದ ನೀರು

ಮೊನ್ನೆ ಬತ್ತೇರಿಯ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಇಬ್ಬರೂ ಹೊಸದಾಗಿ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಸೇರಿದವರು. ಒಬ್ಬಳು ನಮ್ಮ ದೂರದ ನೆಂಟರ ಕಡೆಯವಳು, ಇನ್ನೊಬ್ಬಳು ಅವಳ ಗೆಳತಿ. ಕಾಫಿ ಕುಡಿದಾದ ಮೇಲೆ ನೆಂಟರ ಹುಡುಗಿ, "ಆಂಟೀ, ಕೆಲಸ ಹೆಂಗಿರುತ್ತೆ? ಟ್ರೈನಿಂಗಲ್ಲಿ ಹೇಳೋದು ಬೇಡ, ನಿಜ ಹೇಳಿ" ಎಂದಳು. "ಕಾಲು ನೋಯುತ್ತೆ ಕಣೇ" ಎಂದೆ. ಇಬ್ಬರೂ ನಕ್ಕರು. ನಾನು ನಗದೇ ಇದ್ದದ್ದನ್ನು ನೋಡಿ ಅವರ ನಗುವೂ ನಿಂತಿತು. ಅವರು ಹೋದ ಮೇಲೆ, ಮಕ್ಕಳು ಅಷ್ಟು ಆಸೆಯಿಂದ ಕೇಳಿದರೆ ಒಂದೇ ಮಾತಿನಲ್ಲಿ ಸಾಗಹಾಕಿದೆನಲ್ಲ ಎಂದು ಬೇಜಾರಾಯಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಹೆಸರು ನಾಗರತ್ನ. ನಮ್ಮ ತಾತ ಗುಂಡ್ಲುಪೇಟೆ ಕಡೆಯಿಂದ ಬಟ್ಟೆ ಗಂಟು ಹೊತ್ತು ವ್ಯಾಪಾರಕ್ಕೆಂದು ಬತ್ತೇರಿಗೆ ಬಂದವರು, ಇಲ್ಲೇ ಉಳಿದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಕೋಪ ಬಂದಾಗ ಎರಡೂ. ವಯನಾಡಿನಲ್ಲೇ ಓದಿ, ವಯನಾಡಿನಲ್ಲೇ ಸರ್ಕಾರಿ ನರ್ಸಾಗಿ ಸೇರಿ, ವಯನಾಡಿನಲ್ಲೇ ನಿವೃತ್ತಳಾದೆ. ಮೊದಲು ತೋಲ್ಪೆಟ್ಟಿ, ಬೇಗೂರು ಕಡೆಯ ಕಾಡಿನ ಅಂಚು, ಆಮೇಲೆ ಪನಮರಂ ಕಡೆಯ ಗದ್ದೆಬಯಲು. ಬಡ್ತಿ ಸಿಕ್ಕಿದ ಕಥೆ ಬರೆಯುವುದಿಲ್ಲ. ಅದರಲ್ಲಿ ನನಗೇ ಆಸಕ್ತಿಯಿಲ್ಲ, ಓದುವವರಿಗೆ ಎಲ್ಲಿಂದ ಬರಬೇಕು?

ಮೊದಲು ನನ್ನ ಮೊದಲ ಮೇಲಧಿಕಾರಿಯ ಬಗ್ಗೆ ಹೇಳಬೇಕು. ಸಾರಮ್ಮ ಸಿಸ್ಟರ್ ಅಂತ. ತಿರುವಾಂಕೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆತನದವರು. ಎತ್ತರದ ಹೆಂಗಸು. ಮಳೆ ಇರಲಿ ಬಿಡಲಿ ಕೈಯಲ್ಲಿ ಉದ್ದನೆಯ ಕೊಡೆ. ಆ ಕೊಡೆಯಿಂದ ನಾಯಿ ಓಡಿಸುತ್ತಿದ್ದರು, ತೊರೆಯ ಆಳ ನೋಡುತ್ತಿದ್ದರು, ಹೇಳಿದ ಕೆಲಸ ಮಾಡದ ನಮ್ಮಂಥವರ ಕಡೆಗೆ ತೋರಿಸಿ ಮಾತಾಡುತ್ತಿದ್ದರು. ಸೇರಿದ ಮೊದಲ ವಾರ ನನ್ನನ್ನು ಮನೆಮನೆಗೆ ಕರೆದುಕೊಂಡು ಹೋದಾಗ ಮಗಳೇ ಎಂದು ಕರೆದು ಒಂದು ಪಾಠ ಹೇಳಿಕೊಟ್ಟರು. "ಮೋಳೇ, ಯಾರ ಮನೆಗೆ ಹೋದರೂ ಮೊದಲು ಒಲೆ ನೋಡು. ಪೇಶಂಟ್ ಹತ್ತಿರ ಆಮೇಲೆ ಹೋಗು."

ನನಗೆ ಅದು ಕಸುಬಿನ ಮಾತು ಅನ್ನಿಸಲಿಲ್ಲ. ಇನ್ನೊಬ್ಬರ ಅಡುಗೆಮನೆಯಲ್ಲಿ ಇಣುಕುವ ಚಟ ಅನ್ನಿಸಿತು. ಆದರೆ ಅವರು ಹಾಗೆಯೇ ಮಾಡುತ್ತಿದ್ದರು. ಕುಡಿಯಲು ನೀರು ಕೇಳುವ ನೆಪದಲ್ಲಿ ಸೀದಾ ಒಳಗೆ ಹೋಗುತ್ತಿದ್ದರು. ಒಂದು ಮನೆಯಲ್ಲಿ ಬಾಣಂತಿ, "ಚೆನ್ನಾಗಿ ಊಟ ಮಾಡ್ತೀನಿ ಸಿಸ್ಟರ್" ಎಂದಳು. ಒಲೆಯ ಬೂದಿ ಹಿಂದಿನ ದಿನದ್ದು, ಮಳೆಹನಿ ಬಿದ್ದು ಗಟ್ಟಿಯಾಗಿತ್ತು. ಸಾರಮ್ಮ ಸಿಸ್ಟರ್ ತಮ್ಮ ಬುತ್ತಿ ಬಿಚ್ಚಿ ಅವಳ ಮುಂದೆ ಇಟ್ಟರು. ಕಬ್ಬಿಣದ ಮಾತ್ರೆಯ ವಿಷಯ ಊಟವಾದ ಮೇಲೆ ಮಾತಾಡಿದರು.

ನಮ್ಮ ಇಲಾಖೆ ಮಾಡಿದ ಒಂದು ದೊಡ್ಡ ಎಡವಟ್ಟು ಹೇಳುತ್ತೇನೆ. ಬೇಗೂರಿನ ಕಾಡಿನೊಳಗೆ ಜೇನು ಕೊಯ್ಯುವವರ ಹಾಡಿ ಇದೆ. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಅದಕ್ಕೇ ನನ್ನನ್ನು ಅಲ್ಲಿಗೆ ಹಾಕಿದ್ದರು. ಒಂದು ವರ್ಷ ಮೇಲಿನವರು ಅಲ್ಲಿ ದೊಡ್ಡ ಆರೋಗ್ಯ ಶಿಬಿರ ಮಾಡಬೇಕೆಂದು ತೀರ್ಮಾನಿಸಿದರು. ತಾರೀಖನ್ನು ಆಫೀಸಿನಲ್ಲೇ ಗೊತ್ತು ಮಾಡಿದರು. ಎರಡು ಜೀಪು ತುಂಬ ಡಾಕ್ಟರುಗಳು, ಮೈಕು, ಶಾಮಿಯಾನ, ಬ್ಯಾನರು. ನಾವು ಹೋಗಿ ಇಳಿದಾಗ ಹಾಡಿಯಲ್ಲಿ ಇದ್ದದ್ದು ಒಂದು ಕಂದು ನಾಯಿ, ಕಣ್ಣು ಕಾಣದ ಒಬ್ಬ ಅಜ್ಜಿ. ಅದು ಜೇನಿನ ಕಾಲ. ಮಕ್ಕಳು ಮರಿ ಸಮೇತ ಎಲ್ಲರೂ ಕಾಡು ಸೇರಿದ್ದರು. ಶಾಮಿಯಾನ ಕಟ್ಟಿದ್ದೂ ಆಗಿತ್ತು, ಬಿಚ್ಚುವ ಹಾಗಿರಲಿಲ್ಲ. ಡಾಕ್ಟರುಗಳು ಒಬ್ಬರಾದ ಮೇಲೆ ಒಬ್ಬರು ಅಜ್ಜಿಯನ್ನು ಪರೀಕ್ಷೆ ಮಾಡಿದರು. ಅಜ್ಜಿಗೆ ಬಹಳ ಖುಷಿಯಾಯಿತು. "ನನಗೆ ಏನಾಗಿದೆ ಅಂತ ಇಷ್ಟು ಜನ ಬಂದ್ರಿ?" ಎಂದು ನನ್ನ ಕೈ ಹಿಡಿದು ಕೇಳಿದಳು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆ. ಮುಂದಿನ ವರ್ಷದಿಂದ ಹಾಡಿಯವರನ್ನು ಕೇಳಿಯೇ ದಿನ ಗೊತ್ತು ಮಾಡಿದರು.

ಆಗಿನ ಕೆಲಸದ ರೀತಿ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಸೂಜಿ, ಸಿರಿಂಜು ಕುದಿಸಬೇಕಿತ್ತು. ಅದಕ್ಕೆ ಸ್ಟೌ, ಸ್ಟೌಗೆ ಸೀಮೆಎಣ್ಣೆ, ಎಲ್ಲವನ್ನೂ ನಾವೇ ಹೊರಬೇಕು. ಲಸಿಕೆಯ ಪೆಟ್ಟಿಗೆಯಲ್ಲಿ ಐಸು ಇರುತ್ತಿತ್ತು. ಅದು ಕರಗುವುದರೊಳಗೆ ಊರು ಮುಟ್ಟಬೇಕು. ಕುಟ್ಟ ರಸ್ತೆಯಲ್ಲಿ ಆನೆ ಅಡ್ಡ ನಿಂತರೆ ಬಸ್ಸೂ ನಿಂತಿತು, ನಮ್ಮ ಐಸೂ ಕರಗಿತು. ಆನೆಗೆ ಹಾರನ್ ಹೊಡೆಯುವ ಹಾಗಿಲ್ಲ. ಡ್ರೈವರು ಬೀಡಿ ಹಚ್ಚಿಕೊಂಡು ಕೂರುತ್ತಿದ್ದ, ನಾನು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆನೆಯನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಈಗ ಬಳಸಿ ಎಸೆಯುವ ಸಿರಿಂಜು, ಒಳ್ಳೆಯ ಪೆಟ್ಟಿಗೆ, ಕೈಗೊಂದು ಫೋನು. ಆ ಫೋನು ಮಾತ್ರ ಸಿಗ್ನಲ್ ಇಲ್ಲದ ಕಡೆಯಲ್ಲೇ ನೀವು ಎಲ್ಲಿದ್ದೀರಿ ಎಂದು ಕೇಳುತ್ತದೆ. ಆನೆಗಳು ಬದಲಾಗಿಲ್ಲ.

ಇಷ್ಟು ಹೇಳಿದ್ದು ಪೀಠಿಕೆ ಅಂದುಕೊಳ್ಳಿ. ಆ ಹುಡುಗಿಯರಿಗೆ ನಾನು ನಿಜವಾಗಿ ಹೇಳಬೇಕಾಗಿದ್ದದ್ದು ಧರಣಪ್ಪ ಗೌಡರ ಕಥೆ. ನೆನೆದರೆ ಇವತ್ತಿಗೂ ಮೊದಲು ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ಹಗುರವಾಗುತ್ತದೆ.

ಪನಮರಂ ಕಡೆಯ ಉಪಕೇಂದ್ರಕ್ಕೆ ನಾನು ಹೋದಾಗ ಅಲ್ಲಿಯ ಮುಖ್ಯ ರೋಗ ಜ್ವರ, ಭೇದಿ ಅಲ್ಲ. ಸಕ್ಕರೆ ಕಾಯಿಲೆ, ಬಿಪಿ. ವಾರಕ್ಕೊಂದು ದಿನ ಅದಕ್ಕೇ ಕ್ಲಿನಿಕ್ಕು. ಆರೋಗ್ಯ ಕೇಂದ್ರದಿಂದ ಆನಿ ಡಾಕ್ಟರು ಬರುತ್ತಿದ್ದರು. ಚಿಕ್ಕ ವಯಸ್ಸು, ದೊಡ್ಡ ಗಂಟಲು. ಅವರಿಗೆ ಒಂದೇ ತಲೆನೋವು: ಜನ ಮಾತ್ರೆ ಬಿಡುತ್ತಾರೆ. ಮದುವೆಗೆ ಹೋದರೆ ಬಿಡುತ್ತಾರೆ, ಮೈ ಹುಷಾರಾಯಿತು ಅನ್ನಿಸಿದರೆ ಬಿಡುತ್ತಾರೆ, ಬೇಸರವಾದರೆ ಬಿಡುತ್ತಾರೆ. ಹಾಗೆ ಬಿಟ್ಟು ಬಿಟ್ಟು ಕಾಲು ಕೊಳೆಯಿಸಿಕೊಂಡವರನ್ನು ಆಕೆ ಕಂಡಿದ್ದರು. ಅದಕ್ಕೇ ಕ್ಲಿನಿಕ್ಕಿನಲ್ಲಿ ಪ್ರತಿಯೊಬ್ಬರಿಗೂ ಎದ್ದು ನಿಂತು ಹೇಳುತ್ತಿದ್ದರು: "ಏನೇ ಆಗಲಿ, ಒಂದು ಗುಳಿಗೆಯನ್ನೂ ಬಿಡಬಾರದು!"

ಧರಣಪ್ಪ ಗೌಡರು ಈ ಮಾತನ್ನು ತಲೆಯ ಮೇಲೆ ಹೊತ್ತು ನಡೆದ ಒಬ್ಬರೇ ಒಬ್ಬರು. ಹಳೆಯ ಜೈನ ಮನೆತನ, ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು, ಹೆಂಡತಿ ಪದ್ಮಮ್ಮ. ಬಿಳಿ ಪಂಚೆ, ಬಿಳಿ ಅಂಗಿ, ಮಾತು ಕಡಿಮೆ. ಕ್ಲಿನಿಕ್ಕಿನ ಬಾಗಿಲು ನಾನು ತೆಗೆಯುವುದಕ್ಕೆ ಮುಂಚೆ ಬಂದು ನಿಂತಿರುತ್ತಿದ್ದರು. ಬೆಳಿಗ್ಗೆಗೊಂದು ಮಾತ್ರೆ, ರಾತ್ರಿಗೊಂದು. ಜೈನರು ಹೊತ್ತು ಮುಳುಗಿದ ಮೇಲೆ ತಿನ್ನುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದ ವಿಷಯ. ಹಾಗಾಗಿ ರಾತ್ರಿಯದನ್ನು ಸಂಜೆ ಊಟದ ಜೊತೆಗೇ ತೆಗೆದುಕೊಳ್ಳಲು ಹೇಳಿದ್ದೆವು, ಅವರು ಹಾಗೆಯೇ ಮಾಡುತ್ತಿದ್ದರು. ಆನಿ ಡಾಕ್ಟರು ಬೇರೆ ಪೇಶಂಟುಗಳ ಮುಂದೆ, "ಗೌಡರನ್ನು ನೋಡಿ ಕಲಿಯಿರಿ" ಅನ್ನುತ್ತಿದ್ದರು. ಗೌಡರು ಗೋಡೆ ನೋಡುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕೂತ ಪದ್ಮಮ್ಮ ಮಾತ್ರ, "ಮನೇಲೂ ಹಿಂಗೇ ಸಿಸ್ಟರೇ. ಗಡಿಯಾರ ಕಟ್ಕೊಂಡ ಹಂಗೆ ನಂಗೆ" ಎಂದು ನಗುತ್ತಿದ್ದರು.

ಆ ವರ್ಷ ಭಾದ್ರಪದದಲ್ಲಿ ಮಳೆ ಬಿಡಲೇ ಇಲ್ಲ. ಜೈನರ ದಶಲಕ್ಷಣ ಪರ್ವ ನಡೆಯುತ್ತಿತ್ತು. ಹತ್ತು ದಿನದ ಪರ್ವ. ಕೆಲವರು ಒಂದು ದಿನ ಉಪವಾಸ ಇರುತ್ತಾರೆ, ಕೆಲವರು ಹತ್ತು ದಿನವೂ ಏಕಭುಕ್ತ, ಅಂದರೆ ದಿನಕ್ಕೆ ಒಂದೇ ಊಟ. ಒಂದು ಸಂಜೆ ಮಳೆ ಸ್ವಲ್ಪ ನಿಂತಿತ್ತು. ನಾನು ಕ್ವಾರ್ಟರ್ಸಿನ ಜಗಲಿಯಲ್ಲಿ ಬಟ್ಟೆ ಹರವುತ್ತಿದ್ದೆ. ನಮ್ಮ ಆಶಾ ಕಾರ್ಯಕರ್ತೆ ಲೀಲ ಗದ್ದೆಯ ಬದುವಿನ ಮೇಲೆ ಸೀರೆ ಎತ್ತಿ ಕಟ್ಟಿಕೊಂಡು ಓಡಿ ಬಂದಳು. ಆಕೆ ಗೌಡರ ಮನೆಯ ಪಕ್ಕದವಳು, ನನ್ನನ್ನು ಅಕ್ಕ ಎನ್ನುವ ಅರ್ಥದಲ್ಲಿ ಚೇಚಿ ಎಂದೇ ಕರೆಯುತ್ತಿದ್ದಳು.

"ಚೇಚೀ, ಬೇಗ ಬನ್ನಿ. ಗೌಡರಿಗೆ ಏನೋ ಆಗಿದೆ."

"ಬಿದ್ದರಾ?"

"ಇಲ್ಲ. ಬೈತಾ ಇದಾರೆ."

"ಯಾರನ್ನ?"

"ಪದ್ಮಮ್ಮನ್ನ!"

ಬಿದ್ದಿದ್ದಾರೆ ಅಂದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಆ ಮನುಷ್ಯ ಪೈರಿಗೆ ನುಗ್ಗಿದ ದನಕ್ಕೂ ಬೈದವರಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಲೀಲಳ ಹಿಂದೆ ಓಡಿದೆ. ಗದ್ದೆಯಲ್ಲಿ ನೀರು ಬದುವಿನ ಮಟ್ಟಕ್ಕೆ ಬಂದಿತ್ತು. ಎರಡು ಕಡೆ ಜಾರಿದೆ, ಒಂದು ಚಪ್ಪಲಿ ಕೆಸರಿಗೆ ಕೊಟ್ಟೆ.

ಗೌಡರು ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಅಂಗಿ ಬೆವರಿನಲ್ಲಿ ಒದ್ದೆ. ಕೈ ನಡುಗುತ್ತಿತ್ತು. ನನ್ನನ್ನು ನೋಡಿ, "ಇವಳನ್ನ ಯಾರು ಕರೆದ್ರು? ಎಲ್ಲ ಹೊರಗೆ ಹೋಗಿ!" ಎಂದು ಗದರಿದರು. ಮಾತು ನಾಲಿಗೆಗೆ ತೊಡರುತ್ತಿತ್ತು. ಪದ್ಮಮ್ಮ ಕಂಬಕ್ಕೆ ಒರಗಿ ನಿಂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. ಅಭ್ಯಾಸಬಲ, ನನ್ನ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಒಲೆ ಸಾರಿಸಿತ್ತು. ಪಾತ್ರೆಗಳನ್ನು ತೊಳೆದು ಬೋರಲು ಹಾಕಿತ್ತು, ಒಂದು ಹನಿ ನೀರೂ ಇಲ್ಲದೆ ಒಣಗಿದ್ದವು. ಸಂಜೆ ಅಡುಗೆ ಮಾಡಿದ ಮನೆಯಲ್ಲಿ ಪಾತ್ರೆ ಅಷ್ಟು ಬೇಗ ಒಣಗುವುದಿಲ್ಲ, ಅದೂ ಆ ಮಳೆಯಲ್ಲಿ.

"ಪದ್ಮಮ್ಮ, ಊಟ ಯಾವಾಗ ಆಯ್ತು?"

"ಮಧ್ಯಾಹ್ನ. ಪರ್ವ ಅಲ್ವಾ, ಇಬ್ರಿಗೂ ಒಂದೇ ಹೊತ್ತು."

"ಗುಳಿಗೆ?"

"ಎರಡೂ ಆಗ್ಲೇ ಒಟ್ಟಿಗೆ ನುಂಗಿದ್ರು. ಊಟ ಒಂದೇ ಸಲ, ಗುಳಿಗೆ ಎರಡು ಸಲ ಹೆಂಗೆ ಆಯ್ತದೆ? ಒಂದೂ ಬಿಡ್ಬಾರ್ದು ಅಂತ ಡಾಕ್ಟ್ರಮ್ಮ ಹೇಳಿದಾರಲ್ಲ."

ನೋಡಿ, ಬೇರೆ ಯಾರಾದರೂ ಆಗಿದ್ದರೆ ಈ ತಪ್ಪು ಮಾಡುತ್ತಲೇ ಇರಲಿಲ್ಲ. ಬೇರೆಯವರು ವ್ರತ ಬಿಡುತ್ತಿದ್ದರು, ಇಲ್ಲವೇ ಮಾತ್ರೆ ಬಿಡುತ್ತಿದ್ದರು. ಗೌಡರು ಎರಡನ್ನೂ ಬಿಡದ ಮನುಷ್ಯ. ದಿನವಿಡೀ ಊಟಕ್ಕೆ ಹಂಚಿಕೊಟ್ಟ ಮದ್ದನ್ನು ಒಂದೇ ಊಟದ ಮೇಲೆ ಹಾಕಿಕೊಂಡು, ಆಮೇಲೆ ಮತ್ತೇನೂ ತಿನ್ನದೆ ಕೂತಿದ್ದರು. ಅದೂ ಪರ್ವ ಶುರುವಾದ ದಿನದಿಂದ. ಬೆರಳು ಚುಚ್ಚಿ ರಕ್ತ ನೋಡಿದೆ. ಸಕ್ಕರೆ ತಳ ಮುಟ್ಟಿತ್ತು.

ಇದಕ್ಕೆ ಮದ್ದು ಎಲ್ಲರ ಮನೆಯಲ್ಲೂ ಇರುತ್ತದೆ. ಸಕ್ಕರೆ, ಬೆಲ್ಲ, ಯಾವುದಾದರೂ ಸಿಹಿ. ಆದರೆ ಹೊರಗೆ ಕತ್ತಲು ಇಳಿಯತೊಡಗಿತ್ತು. ಹೊತ್ತು ಆಗಷ್ಟೇ ಮುಳುಗಿತ್ತು.

"ಗೌಡ್ರೇ, ಸ್ವಲ್ಪ ಸಕ್ಕರೆ ನೀರು ಕುಡೀರಿ. ಈಗಲೇ ಸರಿಯಾಗ್ತದೆ."

"ವೇಂಡ. ಬೇಡ."

"ಒಂದೇ ಗುಟುಕು. ಔಷಧಿ ಅಂದ್ಕೊಳ್ಳಿ."

"ಹೊತ್ತು ಮುಳುಗಿದೆ" ಎಂದರು. ಹಲ್ಲು ಕಚ್ಚಿ ತುಟಿ ಬಿಗಿದುಕೊಂಡರು.

ನಾನು ಬೇಡಿದೆ, ಗದರಿದೆ. ನಿಮ್ಮ ಧರ್ಮದಲ್ಲಿ ಕಾಯಿಲೆಗೆ ವಿನಾಯಿತಿ ಇಲ್ಲವಾ ಎಂದು ವಾದ ಮಾಡಿದೆ. ತಲೆಗೆ ಸಕ್ಕರೆ ಇಲ್ಲದವನ ಹತ್ತಿರ ವಾದ ಮಾಡಿದರೆ ಏನು ಪ್ರಯೋಜನ? ಬಲವಂತ ಮಾಡಲು ಹೋದರೆ ಕೈ ಬೀಸಿದರು, ಲೋಟ ಅಂಗಳಕ್ಕೆ ಹಾರಿತು. ಲೀಲ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ ಆನಿ ಡಾಕ್ಟರಿಗೆ ಫೋನು ಹಚ್ಚಿಕೊಟ್ಟಳು. ಆ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಡಾಕ್ಟರು ಕೇಳಿಸಿಕೊಂಡರು. "ನಾನು ಜೀಪಿನಲ್ಲಿ ಹೊರಟೆ. ತೊರೆ ರಸ್ತೆಯ ಮೇಲೆ ಹರೀತಿದೆ, ಸುತ್ತಿ ಬರಬೇಕು. ಎಚ್ಚರ ಇರುವಾಗಲೇ ಸಿಹಿ ಒಳಗೆ ಹೋಗಲಿ ಚೇಚೀ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ಉಸಿರಿಗೆ ಸಿಕ್ಕಿಕೊಳ್ಳುತ್ತೆ." ನರಕ್ಕೆ ಹಾಕುವ ಗ್ಲೂಕೋಸು ಅವರ ಜೀಪಿನಲ್ಲಿತ್ತು. ಉಪಕೇಂದ್ರದಲ್ಲಿ ಅದನ್ನು ಇಡುವುದಿಲ್ಲ.

ವಾಪಸು ಬರುವಷ್ಟರಲ್ಲಿ ಗೌಡರ ಕಣ್ಣು ಅರೆ ಮುಚ್ಚಿತ್ತು. ಬೈಗುಳ ನಿಂತಿತ್ತು. ಬೈಗುಳ ನಿಂತದ್ದಕ್ಕೇ ನನಗೆ ಭಯವಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಈ ಮನುಷ್ಯ ಜಾರಿ ಹೋಗುತ್ತಾನೆ, ಆಮೇಲೆ ಜೀಪು ಬರುವವರೆಗೆ ನಾನು ಸುಮ್ಮನೆ ನೋಡುತ್ತಾ ಕೂರಬೇಕು ಎನ್ನುವುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ಆಗ ಪದ್ಮಮ್ಮ ಅಡುಗೆಮನೆಯಿಂದ ಬಂದರು. ಕೈಯಲ್ಲಿ ಹಿತ್ತಾಳೆಯ ಚೊಂಬು. ಬೆಲ್ಲ ಕದಡಿದ ನೀರು. ಗಂಡನ ಎದುರು ಮೊಣಕಾಲೂರಿ ಕೂತರು.

"ಇಲ್ನೋಡಿ."

ಗೌಡರು ಕಷ್ಟಪಟ್ಟು ಕಣ್ಣು ತೆರೆದರು. "ಹೊತ್ತು ಮುಳುಗಿದೆ ಪದ್ಮಾ."

"ಗೊತ್ತು" ಎಂದರು ಪದ್ಮಮ್ಮ. ಚೊಂಬು ಎತ್ತಿ ತಾವು ಒಂದು ಗುಟುಕು ಕುಡಿದರು.

ಲೀಲ ಬಾಯಿಗೆ ಕೈ ಅಡ್ಡ ಇಟ್ಟಳು. ಮದುವೆಯಾಗಿ ಆ ಮನೆಗೆ ಬಂದ ದಿನದಿಂದ ಹೊತ್ತು ಮುಳುಗಿದ ಮೇಲೆ ಒಂದು ಹನಿ ನೀರೂ ನಾಲಿಗೆಗೆ ಸೋಕಿಸಿಕೊಳ್ಳದ ಹೆಂಗಸು ಅದು. ಬಾಣಂತನದಲ್ಲಿ ಮಗು ಹೋದಾಗ ಮೈ ಸುಡುವ ಜ್ವರವಿದ್ದರೂ ರಾತ್ರಿ ನೀರು ಮುಟ್ಟಿರಲಿಲ್ಲವೆಂದು ಊರಿನವರು ಹೇಳುತ್ತಿದ್ದರು.

"ಈಗ ನಂದು ಹೋಯ್ತು" ಎಂದರು ಪದ್ಮಮ್ಮ. "ನಿಮ್ದು ಉಳಿಸ್ಕೊಂಡು ಒಬ್ರೇ ಎಲ್ಲಿಗೆ ಹೋಗ್ತೀರಿ?"

ಗೌಡರು ಏನೋ ಹೇಳಲು ಬಾಯಿ ತೆರೆದರು. ಪದ್ಮಮ್ಮ ಚೊಂಬನ್ನು ತುಟಿಗೆ ಹಿಡಿದೇಬಿಟ್ಟರು. ನಾನು ಹಿಂದಿನಿಂದ ಬೆನ್ನಿಗೆ ಆತು ತಲೆ ನೆಟ್ಟಗೆ ಹಿಡಿದೆ. ಮೊದಲ ಗುಟುಕು ಅರ್ಧ ಅಂಗಿಯ ಮೇಲೆ ಹೋಯಿತು. ಒಂದು ಸಲ ಕೆಮ್ಮಿದರು, ನನ್ನ ಜೀವ ಬಾಯಿಗೆ ಬಂತು. ಎರಡನೆಯ ಗುಟುಕು ಒಳಗೆ ಇಳಿಯಿತು. ಗಂಟಲು ಆಡಿದ್ದು ನನ್ನ ಅಂಗೈಗೆ ಗೊತ್ತಾಯಿತು. ಆಮೇಲಿನದನ್ನೆಲ್ಲ ಎಳೆಮಗುವಿನ ಹಾಗೆ ಕುಡಿದರು, ಪದ್ಮಮ್ಮ ನಿಧಾನವಾಗಿ ಕುಡಿಸಿದರು. ಚೊಂಬು ಖಾಲಿಯಾದಾಗ ಮಳೆ ಮತ್ತೆ ಶುರುವಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ನಡುಕ ಕಡಿಮೆಯಾಯಿತು, ಬೆವರು ಆರಿತು. ಗೌಡರು ಸುತ್ತ ನೋಡಿದರು. "ಸಿಸ್ಟರೇ, ನೀವು ಯಾವಾಗ ಬಂದ್ರಿ?" ಎಂದು ಎಂದಿನ ಮೆತ್ತನೆಯ ದನಿಯಲ್ಲಿ ಕೇಳಿದರು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಷ್ಟು ಸಮಾಧಾನ ನನಗೆ ಆ ಕೆಲಸದಲ್ಲಿ ಇನ್ನೊಮ್ಮೆ ಆಗಿಲ್ಲ.

ಅಷ್ಟಕ್ಕೇ ಮುಗಿಯುವುದಿಲ್ಲ ಎಂಬುದನ್ನು ಹೊಸಬರು ನೆನಪಿಡಬೇಕು. ಆ ಮಾತ್ರೆ ಮೈಯಲ್ಲಿ ಬಹಳ ಹೊತ್ತು ಕೆಲಸ ಮಾಡುತ್ತದೆ, ಸಕ್ಕರೆ ಮತ್ತೆ ಇಳಿಯುತ್ತದೆ. ಜೀಪು ಬಂದ ಕೂಡಲೇ ಆನಿ ಡಾಕ್ಟರು ಗ್ಲೂಕೋಸು ಏರಿಸಿ ಆಸ್ಪತ್ರೆಗೆ ಕರೆದುಕೊಂಡು ಹೊರಟರು, ನಾನೂ ಹತ್ತಿದೆ. ದಾರಿಯಲ್ಲಿ ಆಕೆ, "ಚೇಚೀ, ಎಷ್ಟು ಊಟ ಮಾಡ್ತೀರಿ ಅಂತ ಎಲ್ಲರನ್ನೂ ಕೇಳ್ತೀವಿ. ಯಾವ ತಿಂಗಳಲ್ಲಿ ಹೇಗೆ ಊಟ ಮಾಡ್ತೀರಿ ಅಂತ ಒಬ್ಬರನ್ನೂ ಕೇಳೋದಿಲ್ಲ, ಅಲ್ವಾ?" ಎಂದರು. ಹೌದು ಎಂದೆ. ಆ ಡಾಕ್ಟರು ಹುಡುಗಿಯಲ್ಲಿ ನನಗೆ ಹಿಡಿಸಿದ ಗುಣ ಇದು, ಹೇಳಿದ ಮಾತನ್ನು ಮರೆಯುತ್ತಿರಲಿಲ್ಲ. ಆ ವರ್ಷದಿಂದ ನಮ್ಮ ಕ್ಲಿನಿಕ್ಕಿನಲ್ಲಿ ಪರ್ವಕ್ಕೆ ಮುಂಚೆ ಜೈನರ ಮನೆಯವರನ್ನು, ರಂಜಾನ್ ನೋಂಬಿಗೆ ಮುಂಚೆ ಮಾಪಿಳ್ಳೆ ಮುಸ್ಲಿಮರ ಮನೆಯವರನ್ನು, ಶಬರಿಮಲೆಗೆ ಮಾಲೆ ಹಾಕುವವರನ್ನು ಕರೆದು ಕೂರಿಸಿ ಮಾತ್ರೆಯ ಅಳತೆಯನ್ನೂ ಹೊತ್ತನ್ನೂ ಬದಲಿಸಿ ಕೊಡುವುದು ಶುರುವಾಯಿತು. ವ್ರತ ಬಿಡಿ ಎಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕ್ಲಿನಿಕ್ಕಿಗೆ ಬರುವುದನ್ನು ಬಿಡುತ್ತಿದ್ದರು.

ಗೌಡರ ಜೀವ ಉಳಿಯಿತು. ಆದರೆ ಆಸ್ಪತ್ರೆಯಲ್ಲಿ ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನಡೆದದ್ದನ್ನೆಲ್ಲ ಯಾರೋ ಹೇಳಿದ್ದರು. ಡಾಕ್ಟರು ಹೇಳಿದ ಹಾಗೆ ಊಟ ಮಾಡಿದರು, ಮಾತ್ರೆ ನುಂಗಿದರು, ನನ್ನ ಜೊತೆ ಎರಡು ಮಾತಾಡಿದರು. ಪದ್ಮಮ್ಮನ ಜೊತೆ ಒಂದೂ ಇಲ್ಲ. ಮನೆಗೆ ಬಂದ ಮೇಲೂ ಅದೇ. ಪದ್ಮಮ್ಮ ತಟ್ಟೆ ಇಡುವರು, ಗೌಡರು ತಲೆ ತಗ್ಗಿಸಿ ಉಣ್ಣುವರು. ಸಕ್ಕರೆ ನೋಡಲು ದಿನಾ ಹೋಗುತ್ತಿದ್ದ ನನಗೆ ಅದನ್ನು ಕಂಡು ಮೈ ಉರಿಯುತ್ತಿತ್ತು. ಜೀವ ಉಳಿಸಿದವಳಿಗೆ ಈ ಮರ್ಯಾದೆಯಾ? ತಡೆಯಲಾರದೆ ಬಸದಿಯ ಪುರೋಹಿತರನ್ನು ಕಂಡು ಹೇಳಿದೆ. ಅವರು ಪಾಪ, ಮಳೆಯಲ್ಲೇ ಗೌಡರ ಮನೆಗೆ ಬಂದು, ಪ್ರಾಣಕ್ಕೆ ಸಂಕಟ ಬಂದಾಗ ವ್ರತಕ್ಕೆ ದೋಷವಿಲ್ಲ ಎಂದು ತಿಳಿಸಿ ಹೇಳಿದರು.

"ಗೊತ್ತು" ಎಂದರು ಗೌಡರು. ಅಷ್ಟೇ.

ಹೊರಗೆ ಪದ್ಮಮ್ಮ ನನ್ನ ಚಪ್ಪಲಿ ತೊಳೆದು ತಂದಿಟ್ಟರು. ಗದ್ದೆಯಲ್ಲಿ ಸಿಕ್ಕಿದ್ದೂ ಸೇರಿ ಎರಡೂ. "ಬಿಡಿ ಸಿಸ್ಟರೇ. ಇದಾರಲ್ಲ, ನಂಗೆ ಅದೇ ಮತಿ, ಅಷ್ಟೇ ಸಾಕು" ಎಂದರು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ಆ ದಿನ ಜೈನರು ಒಬ್ಬರಿಗೊಬ್ಬರು ಕೈ ಮುಗಿದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಕೇಳಿಕೊಳ್ಳುತ್ತಾರೆ. ಹಿರಿಯರು ಕಿರಿಯರನ್ನೂ ಕೇಳುತ್ತಾರೆ. ನಾನು ಎಂದಿನಂತೆ ಯಂತ್ರ ಹಿಡಿದು ಮಧ್ಯಾಹ್ನ ಕಳೆದ ಮೇಲೆ ಹೋದೆ. ಅಪರೂಪಕ್ಕೆ ಬಿಸಿಲು ಬಂದಿತ್ತು. ಅಂಗಳದಲ್ಲಿ ನಾಲ್ಕೈದು ಜನ ಇದ್ದರು. ಗೌಡರು ಬಸದಿಯಿಂದ ಆಗಷ್ಟೇ ಬಂದವರು ಒಬ್ಬೊಬ್ಬರ ಮುಂದೆಯೂ ನಿಂತು ಕೈ ಮುಗಿದರು. ಗದ್ದೆ ಕೆಲಸದ ಚಾತನ ಮುಂದೆ, ಲೀಲಳ ಮುಂದೆ. ನನ್ನ ಮುಂದೆ ಬಂದು, "ಅವತ್ತು ಲೋಟ ಎಸೆದೆ ಅಂತ ಹೇಳಿದ್ರು. ಕ್ಷಮಿಸಿ ಸಿಸ್ಟರೇ" ಎಂದರು. ನಾನು, ಕೈ ಕೊಡಿ, ಸಕ್ಕರೆ ನೋಡ್ಬೇಕು ಎಂದೆ.

ಪ್ರತಿ ವರ್ಷ ಮೊದಲು ಬಂದು ಗಂಡನಿಗೆ ಕೈ ಮುಗಿಯುವವರು ಪದ್ಮಮ್ಮ. ಆ ದಿನ ಅವರು ಜಗಲಿಯ ಮೆಟ್ಟಿಲ ಮೇಲೆ ಕೂತು ಹೆಸರುಕಾಳು ಆರಿಸುತ್ತಿದ್ದರು. ಏಳಲಿಲ್ಲ. ಗೌಡರು ಮೆಟ್ಟಿಲ ಕೆಳಗೆ ನಿಂತರು. ಅಂಗಳದಲ್ಲಿದ್ದವರೆಲ್ಲ ಬೇರೆ ಕಡೆ ನೋಡುವ ಹಾಗೆ ನಟಿಸಿದೆವು.

"ನಾನು ಈ ಸಲ ಕೇಳಲ್ಲ" ಎಂದರು ಪದ್ಮಮ್ಮ, ಕಾಳಿನಿಂದ ಕಣ್ಣೆತ್ತದೆ. "ಕ್ಷಮೆ ಕೇಳಿದ್ರೆ ಇನ್ನೊಂದು ಸಲ ಮಾಡಲ್ಲ ಅಂತ ಅರ್ಥ. ನಾನು ಇನ್ನೊಂದು ಸಲ ಆದ್ರೂ ಕುಡಿಸೋಳೇ. ಈ ದಿನ ನಿಂತ್ಕೊಂಡು ಸುಳ್ಳು ಹೇಳಕ್ಕೆ ನಂಗಾಗಲ್ಲ."

"ನೀನ್ಯಾಕೆ ಕೇಳ್ಬೇಕು?" ಎಂದರು ಗೌಡರು. "ನಂಗೆ ಸಿಟ್ಟು ಅಂದ್ಕೊಂಡ್ಯಾ? ನಂದು ಹೋದ್ರೆ ಹೋಯ್ತು ಪದ್ಮಾ. ಈ ಮನೆಗೆ ಬಂದ ದಿನದಿಂದ ಕಾಪಾಡ್ಕೊಂಡು ಬಂದಿದ್ದೆ ನೀನು, ಜ್ವರದಲ್ಲೂ ಬಿಡಲಿಲ್ಲ. ಅದು ನನ್ನ ದೆಸೆಯಿಂದ ಹೋಯ್ತು. ಯಾವ ಮುಖ ಇಟ್ಕೊಂಡು ನಿನ್ನ ಹತ್ರ ಮಾತಾಡ್ಲಿ?"

ಅಂದು, ಆ ಮೆಟ್ಟಿಲ ಕೆಳಗೆ, ಹೆಂಡತಿಗೆ ಎರಡೂ ಕೈ ಮುಗಿದರು.

ಪದ್ಮಮ್ಮನ ಮಡಿಲಿನ ಮೊರ ಓರೆಯಾಯಿತು. ಹೆಸರುಕಾಳು ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಆಸ್ಪತ್ರೆಯಲ್ಲೂ ಅಳದ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅಷ್ಟು ದಿನ ಆ ಮುದುಕನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದ ನನಗೆ, ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಲೀಲ ಕಾಳು ಬಳಿಯುವ ನೆಪದಲ್ಲಿ ಬಗ್ಗಿ ಮೂಗು ಸೀಟಿಕೊಂಡಳು.

ಗೌಡರು ಮೆಟ್ಟಿಲ ಮೇಲೆ ಹೆಂಡತಿಯ ಪಕ್ಕ ಕೂತರು. ಪಡುವಣದ ಕಡೆ ನೋಡಿದರು. ಕಾಫಿ ಗಿಡಗಳ ಮೇಲೆ ಬಿಸಿಲು ಇನ್ನೂ ಬೇಕಾದಷ್ಟಿತ್ತು.

"ಹೊತ್ತು ಇನ್ನೂ ಇದೆ. ಆ ಬೆಲ್ಲದ ನೀರು ಒಂದು ಗುಟುಕು ತಾ" ಎಂದರು. "ಅವತ್ತು ರುಚಿಯೇ ಗೊತ್ತಾಗ್ಲಿಲ್ಲ."

ಪದ್ಮಮ್ಮ ಕಣ್ಣು ಒರೆಸಿಕೊಂಡು ನನ್ನ ಮುಖ ನೋಡಿದರು. ಸಕ್ಕರೆ ಕಾಯಿಲೆಯವರು ಬೆಲ್ಲ ಮುಟ್ಟಬಾರದು ಎಂದು ಊರೆಲ್ಲ ಸಾರುತ್ತಾ ತಿರುಗುವ ನರ್ಸು ನಾನು, ಯಂತ್ರ ಇನ್ನೂ ಕೈಯಲ್ಲೇ ಇತ್ತು. ಅದನ್ನು ಚೀಲದೊಳಗೆ ಹಾಕಿ, ಜಿಪ್ಪು ಎಳೆದು, ಚಾತನ ಹತ್ತಿರ ಹೋಗಿ ಗದ್ದೆಗೆ ಎಷ್ಟು ನೀರು ನಿಂತಿದೆ ಎಂದು ವಿಚಾರಿಸತೊಡಗಿದೆ.